ಎಷ್ಟು ಸಲ ಒತ್ತಿದರೂ ಒಂದೇ ಕಿಟಕಿ

ಕಂಪ್ಯೂಟರ್ ರಿಪೇರಿಗೆ ಹೋದವನಿಗೆ ನಿಜವಾಗಿ ಕೆಟ್ಟ ಕಂಪ್ಯೂಟರ್ ಸಿಗುವುದೇ ಅಪರೂಪ. ಯಂತ್ರ ಪಾಪ ನೆಟ್ಟಗೇ ಇರುತ್ತದೆ. ಅದರ ಮುಂದೆ ಕೂತವರು ಏನೋ ಒಂದು ಮಾಡಿರುತ್ತಾರೆ, ಮತ್ತು ನಾ ಏನೂ ಮಾಡಿಲ್ರಿ ಅನ್ನುತ್ತಿರುತ್ತಾರೆ. ನಾನು ಊರೂರು ತಿರುಗಿದಷ್ಟು ವರ್ಷ ಇದು ತಪ್ಪಲಿಲ್ಲ. ಒಂದು ಸಲ ಮಾತ್ರ ಹಾಗೆ ಅಂದವನು ನಾನೇ ಆಗಿದ್ದೆ, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಏಳನೆಯ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟವನು. ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಚಹಾ ಮಾರಿದೆ, ಲಾರಿ ಕ್ಲೀನರ್ ಆದೆ, ದಾಂಡೇಲಿಯ ಒಂದು ಸೈಬರ್ ಕೆಫೆಯಲ್ಲಿ ಕಸ ಗುಡಿಸಲು ಸೇರಿ ಅಲ್ಲಿಯೇ ಕೀಲಿಮಣೆ ಒತ್ತಲು ಕಲಿತೆ. ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ, ವಿಂಡೋಸ್ ಬದಲಿಗೆ ಪುಕ್ಕಟೆ ಹಾಕಬಹುದಾದ ಲಿನಕ್ಸ್ ಇತ್ತು. ವೈರಸ್ ಹತ್ತಿ ಸತ್ತ ಹಳೆಯ ಯಂತ್ರಕ್ಕೆ ಅದನ್ನು ಹಾಕಿದರೆ ಎದ್ದು ಕೂರುತ್ತಿತ್ತು. ಅದೊಂದೇ ವಿದ್ಯೆ ಹಿಡಿದುಕೊಂಡು ದಾಂಡೇಲಿ, ಜೋಯಿಡಾ, ಮುಂಡಗೋಡ, ಹಳಿಯಾಳ ಅಂತ ನಾಲ್ಕು ಊರಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೆ. ಮನೆ ಅಂತ ಎಲ್ಲಿಯೂ ಇರಲಿಲ್ಲ. ಒಂದು ಚೀಲ ಇತ್ತು.

ಹಳಿಯಾಳದಲ್ಲಿ ಒಬ್ಬರು ಅಕ್ಕೋರ, ಅಂದರೆ ಟೀಚರಮ್ಮನ, ಟೈಪಿಂಗ್ ಕೇಂದ್ರ ಇತ್ತು. ಅವರ ಭಾವನ ಮಗಳು ಅಲ್ಲಿಯೇ ಟೈಪ್ ಮಾಡುತ್ತಿದ್ದಳು. ಅವಳ ಯಂತ್ರ ತಿಂಗಳಿಗೆ ನಾಲ್ಕು ಸಲ ಕೆಡತೊಡಗಿತು. ಕೆಡದಿದ್ದರೂ ನಾನು ನೋಡಲು ಹೋಗತೊಡಗಿದೆ. ಕೊನೆಗೆ ಒಂದು ದಿನ ಅಕ್ಕೋರ ಮುಂದೆ ನಿಂತು ಹುಡುಗಿಯನ್ನು ಕೊಡುತ್ತೀರಾ ಅಂತ ಕೇಳಿಯೇ ಬಿಟ್ಟೆ.

"ನಿನ್ನ ಊರು ಯಾವುದು?" ಅಂದರು.

"ಸದ್ಯಕ್ಕ ಹಳಿಯಾಳ್ರಿ."

"ಸದ್ಯಕ್ಕ ಅಂದ್ರ?"

"ಮೂರರ ಬಸ್ಸಿನ ತನಕ್ರಿ."

ಅಕ್ಕೋರು ಕನ್ನಡಕ ತೆಗೆದಿಟ್ಟರು. "ನೋಡಪಾ, ಹುಡುಗಿ ಒಲ್ಲೆ ಅನ್ನಂಗಿಲ್ಲ, ಅದು ನನಗ ಗೊತ್ತೈತಿ. ಆದ್ರ ಅವರಪ್ಪ ಬಸ್ ಕಂಡಕ್ಟರ್. ನಿನ್ನ ದಾಂಡೇಲಿ ಬಸ್ಸಿನಾಗೂ ನೋಡ್ಯಾರ, ಜೋಯಿಡಾ ಬಸ್ಸಿನಾಗೂ ನೋಡ್ಯಾರ. ಈ ಹುಡುಗ ಬಸ್ಸಿನಾಗ ಮನಿ ಮಾಡ್ಯಾನೇನು ಅಂತ ನನ್ನ ಕೇಳ್ತಾರ. ಮಳಿಗಾಲ ಮುಗಿಯೂ ತನಕಾ ಹಳಿಯಾಳದಾಗ ನಿಂತು ತೋರಸು. ಆಮ್ಯಾಲೆ ನಾ ಮಾತಾಡ್ತೇನಿ."

ಅಂದರೆ ಉಳಿದ ಮೂರು ಊರಿನ ಯಂತ್ರಗಳು ಮಳೆಗಾಲ ಮುಗಿಯುವ ತನಕ ನನ್ನನ್ನು ಕರೆಯಬಾರದು. ನನ್ನ ಮದುವೆ ಹೀಗೆ ಮೂರು ಹಳೆಯ ಡಬ್ಬಿಗಳ ಕೈಗೆ ಹೋಯಿತು.

೧. ಬಾಗಿಲು ಬಡಿದವರು

ಎಲ್ಲ ಊರಿನಲ್ಲಿಯೂ ಇದ್ದದ್ದು ಒಂದೇ ರೋಗ. ಯಂತ್ರ ನಿಧಾನ, ಜನ ಅವಸರ. ತೆರೆಯ ಮೇಲಿನ ಐಕಾನ್ ಚಿತ್ರದ ಮೇಲೆ ಒತ್ತಿದರೆ ಕಿಟಕಿ ತೆರೆಯಲು ಅರ್ಧ ನಿಮಿಷ ಬೇಕು. ಅಷ್ಟು ಹೊತ್ತು ಸುಮ್ಮನೆ ಕೂರುವವರು ಯಾರು? ಮತ್ತೆ ಒತ್ತುತ್ತಾರೆ. ಒತ್ತಿದಷ್ಟೂ ಕಿಟಕಿ ತೆರೆಯುತ್ತವೆ, ತೆರೆದಷ್ಟೂ ಯಂತ್ರ ಇನ್ನೂ ನಿಧಾನ.

ದಾಂಡೇಲಿಯ ಸೈಬರಿಗೆ ಗಿರಣಿಯ ಪಾಳಿ ಮುಗಿಸಿ ಒಬ್ಬರು ಬಂದರು. ಮಗನ ಪರೀಕ್ಷೆಯ ಫಲಿತಾಂಶ ನೋಡಬೇಕಿತ್ತು. ನಾನೇ ನಂಬರು ಹಾಕಿ, ಆ ಪುಟಕ್ಕೆ ಒಂದು ಚಿತ್ರ ಮಾಡಿ ತೆರೆಯ ಮೇಲೆ ಇಟ್ಟುಕೊಟ್ಟೆ. ಅವರು ಒತ್ತಿದರು. ಮತ್ತೆ ಒತ್ತಿದರು. ಆಮೇಲೆ ಮೊಳೆ ಹೊಡೆದ ಹಾಗೆ ಶುರು ಮಾಡಿದರು.

"ಒಮ್ಮೆ ಒತ್ತಿದ್ರ ಸಾಕ್ರಿ," ಅಂದೆ.

"ಒಮ್ಮೆ ಒತ್ತೇನೆಪಾ. ಅದಕ್ಕ ಕೇಳಿಸಿಲ್ಲ."

"ಕೇಳಿಸೈತ್ರಿ. ಎದ್ದು ಬರಾಕ ಹೊತ್ತು ಹಿಡೀತೈತಿ."

"ನಮ್ಮ ಸಾಹೇಬ್ರೂ ಹಂಗ. ಒಳಗ ಇದ್ರೂ ಸುಮ್ಮ ಕೂಡ್ತಾರ. ನಾ ಬಾಗಲಾ ಬಡಿಯೂದು ಬಿಡೂದಿಲ್ಲ."

ಸ್ವಲ್ಪ ಹೊತ್ತಿಗೆ ಗೂಡ್ಸ್ ಗಾಡಿಯ ಡಬ್ಬಿ ದಾಟಿದ ಹಾಗೆ ಒಂದರ ಹಿಂದೆ ಒಂದು ಕಿಟಕಿ ಬರತೊಡಗಿದವು. ಎಣಿಸಿದರೆ ಹದಿನೇಳು. ಹದಿನೇಳರಲ್ಲಿಯೂ ಅದೇ ಹುಡುಗನ ಹೆಸರು, ಗಣಿತದ ಮುಂದೆ ಅದೇ ನಪಾಸು. ಅಪ್ಪ ಒಂದೊಂದನ್ನೂ ಕಣ್ಣು ಕಿರಿದು ಮಾಡಿ ನೋಡಿದರು. ನಾನು ಮುಚ್ಚಲು ಕೈ ಹಾಕಿದೆ.

"ತಡಿ ತಮ್ಮಾ," ಅಂದರು. "ಇಷ್ಟು ಬಂದಾವಲ್ಲ. ಯಾವುದರಾಗ ಪಾಸಾಗ್ಯಾನ, ಅದೊಂದ ಇಟ್ಟು ಉಳಿದದ್ದು ತೆಗಿ."

೨. ಒಳಗೆ ಯಾರೋ ಇದ್ದಾರೆ

ಆ ಹದಿನೇಳರ ನಂತರ ನಾನು ಒಂದು ಉಪಾಯ ಮಾಡಿದೆ. ಲಿನಕ್ಸಿನಲ್ಲಿ ನಾಲ್ಕು ಸಾಲಿನ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟರೆ ಯಂತ್ರ ಹೇಳಿದ ಹಾಗೆ ಕೇಳುತ್ತದೆ. ಪತ್ರ ಬರೆಯುವ ತಂತ್ರಾಂಶ ತೆರೆದ ಕೂಡಲೇ, ತೆರೆದಿದೆ ಅನ್ನುವ ಗುರುತಿಗೆ ಒಂದು ಖಾಲಿ ಫೈಲು ಇಡು. ಮುಚ್ಚಿದಾಗ ಆ ಫೈಲನ್ನು ಅಳಿಸು. ಗುರುತು ಇದ್ದಾಗ ಯಾರಾದರೂ ಮತ್ತೆ ಒತ್ತಿದರೆ, "ಈಗಾಗಲೇ ತೆರೆದಿದೆ, ಇನ್ನೊಮ್ಮೆ ತೆರೆಯಲಾಗದು" ಅಂತ ಹೇಳಿ ಸುಮ್ಮನಾಗು. ಇಷ್ಟೇ. ಮೂರೂ ಊರಿಗೆ ಒಂದು ಕೊನೆಯ ಸುತ್ತು ಹೊಡೆದು ಹಾಕಿ ಬಂದೆ. ಇನ್ನು ಹಳಿಯಾಳ ಬಿಟ್ಟು ಕದಲುವುದಿಲ್ಲ ಅಂತ ಅಕ್ಕೋರ ಕೇಂದ್ರದ ಹಿಂದಿನ ಕೋಣೆಯಲ್ಲಿ ಚೀಲ ಇಳಿಸಿದೆ.

ಹನ್ನೊಂದು ದಿನ ನಿಂತೆ. ಹನ್ನೆರಡನೆಯ ದಿನ ಜೋಯಿಡಾದ ಜೇನು ಸಂಘದಿಂದ ಅಲ್ಲಿನ ಗುಮಾಸ್ತ ಫೋನ್ ಮಾಡಿದ.

"ಲಗೂನ ಬರ್ರಿ. ಒಳಗ ಯಾರೋ ಅದಾರ."

"ಎಲ್ಲಿ ಒಳಗ?"

"ಕಂಪ್ಯೂಟರಿನಾಗ್ರಿ. ನಾ ಮುಂಜಾನೆ ಬಂದು ಒತ್ತಿದ್ರ, ಈಗಾಗಲೇ ತೆರೆದಿದೆ ಅಂತೈತಿ. ನಾ ತೆರೆದಿಲ್ಲ. ಬೀಗದ ಕೈ ನನ್ನ ಕಡೆ ಐತಿ. ಅಟ್ಟಾ ನೋಡೇವಿ, ಕಪಾಟಿನ ಹಿಂದ ನೋಡೇವಿ. ಅಧ್ಯಕ್ಷರು ಬಾಗಿಲದಾಗ ಬಡಿಗಿ ಹಿಡಕೊಂಡು ನಿಂತಾರ."

ಬಸ್ಸು ಹತ್ತಿದೆ. ಟಿಕೀಟು ಕೊಡಲು ಬಂದವರು ಹುಡುಗಿಯ ಅಪ್ಪನೇ. ನನ್ನನ್ನು ನೋಡಿದರು. ಟಿಕೀಟು ಹರಿಯುವ ಸದ್ದು ದಿನಕ್ಕಿಂತ ಜೋರಾಗಿತ್ತು.

ಹೋಗಿ ನೋಡಿದರೆ ತಪ್ಪು ನನ್ನದೇ. ಯಾರೋ ಪತ್ರ ಬರೆಯುತ್ತಿದ್ದಾಗ ಕರೆಂಟು ಹೋಗಿದೆ. ಯಂತ್ರ ಗಕ್ಕನೆ ಸತ್ತಿದೆ, ನನ್ನ ಗುರುತಿನ ಫೈಲು ಅಳಿಯದೆ ಹಾಗೇ ಉಳಿದಿದೆ. ಇಲ್ಲದ ಮನುಷ್ಯ ಇದ್ದಾನೆ ಅಂತ ಯಂತ್ರ ನಂಬಿಕೊಂಡು ಕೂತಿದೆ.

"ಅಂದ್ರ ಯಾರೋ ಕೂತಿದ್ದು ಖರೆ?" ಅಂದರು ಅಧ್ಯಕ್ಷರು. "ಯಾರಂವ ಕಳ್ಳ? ಸಂಘದ ಯಂತ್ರ ಮುಟ್ಟಾಕ ಎಷ್ಟು ಧೈರ್ಯ ಅಂವಗ?"

"ನಿನ್ನೆ ನಾ ರಜಾ ಇದ್ದೆ," ಅಂದ ಗುಮಾಸ್ತ. "ಕೀಲಿ ಯಾರ ಕೈಯಾಗ ಕೊಟ್ಟಿದ್ದೆ..." ಅಂತ ನೆನಪು ಮಾಡಿಕೊಳ್ಳತೊಡಗಿದ.

ನಾನು ಗುರುತಿನ ಫೈಲನ್ನು ಅಳಿಸಿ ಚಿತ್ರದ ಮೇಲೆ ಒತ್ತಿದೆ. ಕರೆಂಟು ಹೋದಾಗ ಅರ್ಧಕ್ಕೆ ನಿಂತ ಪತ್ರವನ್ನು ತಂತ್ರಾಂಶ ತಾನಾಗಿಯೇ ಎತ್ತಿ ತಂದು ಮುಂದಿಟ್ಟಿತು. ಮೇಲಧಿಕಾರಿಗಳಿಗೆ ಒಂದು ದೂರು. ಜೇನು ಸಂಘದ ಗುಮಾಸ್ತ ಹನ್ನೊಂದಕ್ಕೆ ಬರುತ್ತಾನೆ, ಮೂರಕ್ಕೆ ಹೋಗುತ್ತಾನೆ, ಅಧ್ಯಕ್ಷರಂಥ ಹಿರಿಯರ ಮಾತನ್ನೂ ಕೇಳುವುದಿಲ್ಲ. ಕೆಳಗೆ, ಹೆಸರು ಹೇಳಲು ಇಚ್ಛಿಸದ ಒಬ್ಬ ಸದಸ್ಯ.

ಅಧ್ಯಕ್ಷರು ಬಡಿಗೆಯನ್ನು ಮೆಲ್ಲಗೆ ಗೋಡೆಗೆ ಆನಿಸಿದರು. ಗುಮಾಸ್ತ ಕೊನೆಯ ತನಕ ಓದಿದ. ಓದಿ, ಕುರ್ಚಿ ಎಳೆದುಕೊಂಡು, ಬಹಳ ಮರ್ಯಾದೆಯಿಂದ ಕೇಳಿದ:

"ಅಧ್ಯಕ್ಷರ, ಇದರಾಗ ಎರಡು ಕಾಗುಣಿತ ತಪ್ಪದಾವು. ತಿದ್ದಿ ಕಳಸಲೇನ್ರಿ?"

೩. ಒಮ್ಮೆ ಒತ್ತಿದ ಲಾಮಾ

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಒಬ್ಬ ವಯಸ್ಸಾದ ಲಾಮಾ ಇದ್ದರು. ನಮ್ಮ ಕನ್ನಡವನ್ನು ನಮ್ಮಷ್ಟೇ ಚೆಂದ ಮಾತಾಡುತ್ತಿದ್ದರು. ಅವರಿಂದ ಫೋನ್ ಬಂದಾಗ ಅದು ಅವಸರದ್ದಾಗಿರಲಿಲ್ಲ. "ತೆರೀವಲ್ದು. ನಿನಗ ಆದಾಗ ಬಾ," ಅಂದರು. ಆದಾಗ ಬಾ ಅಂದವರ ಹತ್ತಿರ ಹೋಗದೇ ಇರುವುದು ಹೇಗೆ? ಕಲಘಟಗಿ ಮೇಲೆ ಹಾಯ್ದು ಹೋದೆ, ಹುಡುಗಿಯ ಅಪ್ಪ ಇಲ್ಲದ ಬಸ್ಸು ಹುಡುಕಿ.

ನಾನು ಹೋದಾಗ ಲಾಮಾ ತೆರೆಯ ಮುಂದೆ ಕೈ ಮಡಿಚಿ ಕೂತಿದ್ದರು.

"ಒತ್ತಿದ್ರೇನ್ರಿ?"

"ಒಮ್ಮೆ ಒತ್ತೇನಿ."

"ಒಮ್ಮೆ ಅಷ್ಟ?"

"ನೀನ ಹೇಳಿದ್ದಿಯಲ್ಲ, ಒಮ್ಮೆ ಸಾಕು ಅಂತ."

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾಲ್ಕು ತಾಲೂಕಿನಲ್ಲಿ ನನ್ನ ಮಾತು ಕೇಳಿದ ಮೊದಲ ಮನುಷ್ಯ! ಅಲ್ಲಿದ್ದ ಸಣ್ಣ ಲಾಮಾಗಳನ್ನೆಲ್ಲ ಕರೆದು ಒಂದು ಭಾಷಣವನ್ನೇ ಮಾಡಿದೆ. ನೋಡಿರಿ, ತಾಳ್ಮೆ ಅಂದರೆ ಇದು, ಇವರ ಹಾಗೆ ಒಮ್ಮೆ ಒತ್ತಬೇಕು, ಒತ್ತಿ ಕಾಯಬೇಕು ಅಂದೆ. ಅವರೆಲ್ಲ ತಲೆಯಾಡಿಸಿದರು. ಎಲ್ಲರೂ ಸೇರಿ ತೆರೆ ನೋಡುತ್ತ ಇನ್ನೂ ಕಾಲು ಗಂಟೆ ಕಾದೆವು.

ಆಮೇಲೆ ಅನುಮಾನ ಬಂದು ಮೇಜಿನ ಹಿಂದೆ ಬಗ್ಗಿ ನೋಡಿದೆ. ಮೌಸಿನ ವಾಯರು ಯಂತ್ರದಿಂದ ಕಳಚಿ ನೆಲದ ಮೇಲೆ ಬಿದ್ದಿತ್ತು.

"ಯಾವಾಗ ಒತ್ತಿದ್ರಿ?" ಅಂದೆ.

ಲಾಮಾ ಶಾಂತವಾಗಿ ಬೆರಳು ಮಡಿಚಿ ಎಣಿಸಿದರು. "ಸೋಮವಾರ."

ಅಂದು ಗುರುವಾರ.

೪. ಊಟ ಆತೇನಕ್ಕಾ

ಜೋಯಿಡಾದ ನಂತರ ಸ್ಕ್ರಿಪ್ಟನ್ನು ತಿದ್ದಿ ನಾಲ್ಕೂ ಊರಿನ ಯಂತ್ರಗಳಿಗೆ ಹಾಕಿದ್ದೆ. ಖಾಲಿ ಫೈಲಿನ ಗುರುತು ಬೇಡ. ತೆರೆಯ ಮೇಲೆ ಆ ಕಿಟಕಿ ನಿಜವಾಗಿ ಇದೆಯೇ ನೋಡು. ಇದ್ದರೆ ಅದನ್ನೇ ಎತ್ತಿ ಮುಂದೆ ತಾ, ಇಲ್ಲದಿದ್ದರೆ ಮಾತ್ರ ಹೊಸದು ತೆರೆ. ಈಗ ಎಷ್ಟು ಸಲ ಒತ್ತಿದರೂ ಬರುವುದು ಒಂದೇ ಕಿಟಕಿ. ಮೂರೂ ಊರು ತಣ್ಣಗಾದವು. ನಾನು ಹಳಿಯಾಳದಲ್ಲಿಯೇ ಬೇರು ಬಿಟ್ಟೆ. ತೊಂದರೆ ಈ ಸಲ ಹಳಿಯಾಳದಲ್ಲಿಯೇ ಆಯಿತು.

ಅಕ್ಕೋರು ಟೈಪ್‌ರೈಟರಿನ ಕಾಲದವರು. ಅವರ ಕೈಯಲ್ಲಿ ಕಲಿತ ಹುಡುಗರು ನಾಲ್ಕು ತಾಲೂಕಿನ ಕಚೇರಿಗಳಲ್ಲಿ ಇದ್ದಾರೆ. ಅವರು ಕಲಿಸುತ್ತಿದ್ದ ಮೊದಲ ಪಾಠ ಎರಡು. ಕಣ್ಣು ಕಾಗದದ ಮೇಲಿಂದ ಕದಲಬಾರದು. ಸಾಲು ಮುಗಿದ ಕೂಡಲೇ ಮುಂದಿನ ಸಾಲಿಗೆ ದೂಡಬೇಕು. ಕಂಪ್ಯೂಟರ್ ಬಂದ ಮೇಲೂ ಅವರು ಎರಡನ್ನೂ ಬಿಡಲಿಲ್ಲ. ತೆರೆಯ ಕಡೆ ನೋಡುತ್ತಿರಲಿಲ್ಲ, ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುತ್ತಿದ್ದರು.

ಒಂದು ಮಧ್ಯಾಹ್ನ ಯಾರದೋ ಅಣ್ಣತಮ್ಮಂದಿರ ವಾಟ್ನಿ ಪತ್ರ ಟೈಪ್ ಮಾಡುತ್ತಿದ್ದರು. ಆಸ್ತಿ ಹಂಚಿಕೆ, ಎರಡು ಪುಟ. ಅದೇ ಹೊತ್ತಿಗೆ ಬೆಳಗಾವಿಯಲ್ಲಿದ್ದ ಅವರ ತಮ್ಮ ಚಾಟಿನಲ್ಲಿ ಒಂದು ಮಾತು ಕೇಳಿದ: "ಊಟ ಆತೇನಕ್ಕಾ?" ಆ ಚಾಟಿನ ಕಿಟಕಿಗೆ ಒಂದು ಕೆಟ್ಟ ಚಾಳಿ ಇತ್ತು. ಮಾತು ಬಂದ ಕೂಡಲೇ ತಾನೇ ಜಿಗಿದು ಎಲ್ಲರ ಮುಂದೆ ನಿಲ್ಲುತ್ತಿತ್ತು. ಆಮೇಲೆ ಕೀಲಿಮಣೆಯಲ್ಲಿ ಒತ್ತಿದ್ದೆಲ್ಲ ಅದರ ಬಾಯಿಗೇ.

ಅಕ್ಕೋರ ಕಣ್ಣು ಕಾಗದದ ಮೇಲೆ. ಕೈ ನಡೆದೇ ಇತ್ತು.

"ಸದರಿ ಆಸ್ತಿಯ ಮೇಲೆ ಇನ್ನು ಮುಂದೆ ನಿನಗಾಗಲಿ," ಎಂಟರ್. ಹೋಯಿತು.

"ನಿನ್ನ ಹೆಂಡತಿ ಮಕ್ಕಳಿಗಾಗಲಿ," ಎಂಟರ್. ಹೋಯಿತು.

"ಯಾವುದೇ ಹಕ್ಕು ಸಂಬಂಧ ಉಳಿದಿರುವುದಿಲ್ಲ." ಎಂಟರ್.

ಅತ್ತ ತಮ್ಮ, "ಅಕ್ಕಾ, ಯಾಕ, ಏನಾತು?" ಅಂದ. ಉತ್ತರ ಹೋಯಿತು: "ಇದು ಸ್ವಸಂತೋಷದಿಂದ ಬರೆದುಕೊಟ್ಟದ್ದು."

ಸಂಜೆ ಐದಕ್ಕೆ ಆ ತಮ್ಮ, ಅವನ ಹೆಂಡತಿ, ಎರಡು ಮಕ್ಕಳು ಬೆಳಗಾವಿ ಬಸ್ಸಿನಿಂದ ಇಳಿದು ಸೀದಾ ಕೇಂದ್ರಕ್ಕೆ ಬಂದರು.

"ಅಕ್ಕಾ, ನಾ ಏನ್ ತಪ್ಪು ಮಾಡೇನಿ? ಊಟ ಆತೇನು ಅಂತ ಕೇಳಿದ್ದಕ್ಕ ಮನಿತನದಿಂದ ತೆಗದ ಬಿಟ್ಟೇನು?"

ಎಲ್ಲ ತಿಳಿದು ನಕ್ಕು ಮುಗಿಯುವಷ್ಟರಲ್ಲಿ ಚಹಾ ಎರಡು ಸುತ್ತು ಆಗಿತ್ತು. ಹೊಸ ಕಿಟಕಿ ಯಾವುದೂ ಕೆಲಸದ ನಡುವೆ ಮುಂದೆ ಬರಬಾರದು ಅಂತ ನಾನು ಅಂದೇ ಯಂತ್ರಕ್ಕೆ ಕಟ್ಟು ಹಾಕಿದೆ. ತಮ್ಮನ ಹೆಂಡತಿ ಮಾತ್ರ ನಗಲಿಲ್ಲ. ಹೊರಡುವಾಗ ನನ್ನನ್ನು ಬದಿಗೆ ಕರೆದು ಕೇಳಿದಳು:

"ಆ ಚಾಳಿ ನಮ್ಮ ಕಂಪ್ಯೂಟರಿಗೂ ಹಚ್ಚಿ ಕೊಡಾಕ ಬರತೈತೇನ್ರಿ? ನಮ್ಮ ಅತ್ತಿ ದಿನಾ ಕೇಳ್ತಾರ, ಊಟ ಆತೇನು ಅಂತ."

೫. ಕಂಡಕ್ಟರ್ ಎಣಿಸಿದ್ದು

ಮಳೆಗಾಲ ಮುಗಿಯಿತು. ಅಕ್ಕೋರು ಮಾತು ಉಳಿಸಿಕೊಂಡರು. ಇಂಥ ದಿನ ಮುಂಜಾನೆ ಹನ್ನೊಂದಕ್ಕೆ ಹುಡುಗಿಯ ಅಪ್ಪ ಕೇಂದ್ರಕ್ಕೇ ಬರುತ್ತಾರೆ, ನೋಡಿ ಹೂಂ ಅಥವಾ ಊಹೂಂ ಅನ್ನುತ್ತಾರೆ ಅಂದರು.

ಹೆದರಿಕೆ ಆದಾಗ ನನ್ನ ಕಾಲು ತಾವಾಗಿಯೇ ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತವೆ. ಶಾಲೆ ಬಿಟ್ಟದ್ದೂ ಹಾಗೆಯೇ. ಅಂದು ಒಂಬತ್ತಕ್ಕೇ ಕೇಂದ್ರದ ಬಾಗಿಲು ತೆಗೆದು ಕೂತೆ. ಊಹೂಂ ಅಂದರೆ ಈ ಊರಿನಲ್ಲಿ ಮುಖ ಎತ್ತಿ ಹೇಗೆ ತಿರುಗುವುದು ಅನ್ನಿಸಿತು. ಗೋವಾ ಕಡೆಯ ಒಂದು ಅಂಗಡಿಯವರು ಹಿಂದೆ ಕರೆದಿದ್ದರು. ಅವರಿಗೆ ಪತ್ರ ಬರೆಯತೊಡಗಿದೆ. "ಮಾನ್ಯರೇ, ಬರುವ ತಿಂಗಳಿನಿಂದ ನಿಮ್ಮ ಊರಿನಲ್ಲಿಯೇ ಕಾಯಂ ಇರಲು ನಾನು ಸಿದ್ಧನಿದ್ದೇನೆ. ಇಲ್ಲಿ ನನಗೆ ಯಾವ ಬಂಧನವೂ ಇಲ್ಲ."

ಅಷ್ಟು ಬರೆಯುವಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು. ಹನ್ನೊಂದು ಅಂದವರು ಒಂಬತ್ತೂವರೆಗೇ ಬಂದಿದ್ದರು. ಕಂಡಕ್ಟರಲ್ಲವೇ, ಮೊದಲ ಬಸ್ಸು ಹಿಡಿದಿದ್ದರು. ಪತ್ರದ ಕಿಟಕಿಯನ್ನು ಮುಚ್ಚದೆ ಹಾಗೇ ತೆರೆಯ ಕೆಳಗೆ ತಳ್ಳಿ ಎದ್ದು ನಿಂತೆ. ಅಕ್ಕೋರು, ಹುಡುಗಿ ಇಬ್ಬರೂ ಒಳಗೆ ಬಂದರು. ನಾನು ಚಹಾ ತರುತ್ತೇನೆ ಅಂತ ಹೊರಗೆ ಓಡಿದೆ.

ಮುಂದಿನದನ್ನು ಹುಡುಗಿ ಆಮೇಲೆ ಹೇಳಿದಳು. ಅಕ್ಕೋರು ನನ್ನ ಹೆಚ್ಚುಗಾರಿಕೆ ಹೇಳಲು ಹೋದರಂತೆ. "ಭಾವಾರ, ಹುಡುಗ ಭಾಳ ಶ್ಯಾಣ್ಯಾ ಅದಾನ. ಈ ಚಿತ್ರ ಎಷ್ಟು ಸಲ ಒತ್ತಿದ್ರೂ ಯಂತ್ರ ಕೆಡದ್ಹಂಗ ಮಾಡ್ಯಾನ. ಬೇಕಾದ್ರ ಒತ್ತಿ ನೋಡ್ರಿ."

ಅವರು ಒತ್ತಿದರು. ಸ್ಕ್ರಿಪ್ಟು ತನ್ನ ಕೆಲಸ ಮಾಡಿತು. ಕಿಟಕಿ ಆಗಲೇ ತೆರೆದಿದೆಯೇ? ತೆರೆದಿದೆ. ಅದನ್ನೇ ಎತ್ತಿ ಮುಂದೆ ತಂದಿತು. ಅವರು ಮೊದಲ ಸಾಲು ಓದಿದರು. ಮಗಳು ಎಂದೋ ಕಲಿಸಿದ್ದಂತೆ ಅದನ್ನು ಕೆಳಗೆ ತಳ್ಳಿದರು. ಮತ್ತೆ ಒತ್ತಿದರು. ಮತ್ತೆ ಒಂದು ಪತ್ರ! "ಮಾನ್ಯರೇ, ನಿಮ್ಮ ಊರಿನಲ್ಲಿಯೇ ಕಾಯಂ..." ತಳ್ಳಿದರು, ಒತ್ತಿದರು. ಮತ್ತೊಂದು.

ನಾನು ಚಹಾದ ಕಿಟ್ಲಿ ಹಿಡಿದು ಬಾಗಿಲಿಗೆ ಬಂದಾಗ ಅವರು ಬಸ್ಸಿನಲ್ಲಿ ತಲೆ ಎಣಿಸುವ ಹಾಗೆ ಬೆರಳು ಎತ್ತಿ ಎಣಿಸುತ್ತಿದ್ದರು.

"ಆರು... ಏಳು... ಎಂಟು."

ಅಕ್ಕೋರು ನನ್ನ ಕಡೆ ನೋಡಲಿಲ್ಲ. ಹುಡುಗಿ ನೋಡಿದಳು. ನೋಡದಿದ್ದರೇ ಚೆನ್ನಾಗಿತ್ತು.

"ಎಂಟು ಊರಿಗೆ ಬರದಾನ," ಅಂದರು ಅಪ್ಪ. "ಎಲ್ಲಾ ಊರಾಗೂ ಕಾಯಂ ಇರತಾನಂತ! ನಾ ನಾಲ್ಕ ರೂಟಿನಾಗ ನೋಡಿದ್ದೆ. ಇಂವ ಎಂಟು ಹಿಡದಾನ."

"ನಾ ಏನೂ ಮಾಡಿಲ್ರಿ," ಅಂದೆ. ಅಂದ ಕೂಡಲೇ ನನ್ನ ಕಿವಿಗೇ ಅದು ಕೇಳಿಸಿತು. ಎಷ್ಟು ಜನರ ಬಾಯಲ್ಲಿ ಕೇಳಿ ನಕ್ಕಿದ್ದೆ! "ಎಂಟಲ್ರಿ, ಅದು ಒಂದ. ನೀವು ಒತ್ತಿದಾಗೊಮ್ಮೆ ಅದ ತಿರುಗಿ ಬರತೈತಿ."

"ಇಪ್ಪತ್ತೆಂಟು ವರ್ಷ ಕಂಡಕ್ಟರ್ಕಿ ಮಾಡೇನಿ. ಎಣಿಕಿ ನನಗ ಹೇಳಬ್ಯಾಡ."

"ಖರೇನ ಒಂದರಿ."

"ಒಂದ ಇದ್ರ ಎಂಟು ಸಲ ಹೆಂಗ ಬರತೈತಿ? ಒಬ್ಬ ಪ್ಯಾಸೆಂಜರ್ ಎಂಟು ಟಿಕೀಟು ತಗೋತಾನೇನು?"

ನಾನು ಸ್ಕ್ರಿಪ್ಟು, ಕಿಟಕಿ, ಲಿನಕ್ಸು ಅಂತ ಬಡಬಡಿಸಿದೆ. ಮಾತು ಬೆಳೆದಷ್ಟೂ ನಾನು ಇನ್ನಷ್ಟು ಕಳ್ಳನಂತೆ ಕಾಣತೊಡಗಿದೆ. ಕಿಟ್ಲಿ ಕೈಯಲ್ಲಿಯೇ ಇತ್ತು. ಅವರು ಚಪ್ಪಲಿ ಹುಡುಕತೊಡಗಿದರು.

ಆಗ ಹುಡುಗಿ ಬಂದು ಯಂತ್ರದ ಮುಂದೆ ಕೂತಳು. "ಅಪ್ಪಾ, ಇಲ್ಲಿ ನೋಡು," ಅಂದಳು. "ಇದು ಒಂದ ಇದ್ರ, ನಾ ಮುಚ್ಚಿ ಮತ್ತ ಒತ್ತಿದ ಮ್ಯಾಲೆ ಖಾಲಿ ಹಾಳಿ ಬರಬೇಕು. ಎಂಟಿದ್ರ ಇನ್ನೊಂದು ಪತ್ರ ಬರತೈತಿ. ಹೌದಿಲ್ಲೋ?"

"ಹೌದು."

ಅವಳು ಮುಚ್ಚುವ ಗುಂಡಿ ಒತ್ತಿದಳು. ಯಂತ್ರ ಒಂದು ಸಣ್ಣ ಪ್ರಶ್ನೆ ಮುಂದೆ ತಂದಿತು: ಬರೆದದ್ದನ್ನು ಉಳಿಸಬೇಕೋ, ಬೇಡವೋ.

ಅವಳು ತಿರುಗಿ ನನ್ನನ್ನು ನೋಡಿದಳು. "ಏನು ಮಾಡ್ಲಿ? ಉಳಸಬೇಕೋ, ಬ್ಯಾಡೋ?"

ಅಷ್ಟು ಸಣ್ಣ ಪ್ರಶ್ನೆಗೆ ನಾನು ಅಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲು. ನನ್ನ ಯಂತ್ರಗಳೇ ವಾಸಿ ಅನ್ನಿಸಿರಬೇಕು ಅವಳಿಗೆ.

"ಬ್ಯಾಡ," ಅಂದೆ.

ಅವಳು ಬೇಡ ಒತ್ತಿದಳು. ಪತ್ರ ಹೋಯಿತು. ಮತ್ತೆ ಚಿತ್ರದ ಮೇಲೆ ಒತ್ತಿದಳು. ಬೆಳ್ಳಗೆ, ಅಕ್ಷರ ಇಲ್ಲದ ಒಂದು ಹಾಳೆ ಬಂತು.

ಅಪ್ಪ ಬಗ್ಗಿ ನೋಡಿದರು. ಹೆಗಲಿಗೆ ಏರಿಸಿದ್ದ ಚೀಲವನ್ನು ಕೆಳಗಿಟ್ಟರು. "ಹಂಗಾರ ಒಂದ ಊರಿಗೆ ಬರದಿದ್ದ," ಅಂದರು ಅಕ್ಕೋರ ಕಡೆ ತಿರುಗಿ. "ಅದನ್ನೂ ಕಳಿಸಿಲ್ಲ. ಎಂಟಕ್ಕ ಹೋಲಿಸಿದ್ರ ಹುಡುಗ ಭಾಳ ಸುಧಾರಿಸ್ಯಾನ."

ಎಂಟು ಸಲ ಒತ್ತದೇ ಒಂದೇ ಸಲ ಒತ್ತಿದ್ದರೆ, ಆ ಒಂದು ಪತ್ರಕ್ಕೇ ನನ್ನನ್ನು ಹೊರಗೆ ಹಾಕುತ್ತಿದ್ದರು. ಇದನ್ನು ನಾನು ಇವತ್ತಿನ ತನಕ ಅವರಿಗೆ ಹೇಳಿಲ್ಲ.

ನಾನಿನ್ನೂ ಕಿಟ್ಲಿ ಹಿಡಿದು ಬಾಗಿಲಿನಲ್ಲಿಯೇ ನಿಂತಿದ್ದೆ. ಅವರು ನನ್ನ ಕಡೆ ನೋಡಿದರು. ನಾಲ್ಕು ರೂಟಿನ ಬಸ್ಸಿನಲ್ಲಿ ನೋಡುತ್ತಿದ್ದರಲ್ಲ, ಅದೇ ನೋಟ. ದನಿ ಮಾತ್ರ ಬೇರೆ.

"ಯಾಕ ಬಾಗಲದಾಗ ಜೋತು ಬಿದ್ದಿ?" ಅಂದರು. "ಇಳಿ ಇನ್ನ. ನಿನ್ನ ಸ್ಟಾಪು ಬಂತು."